ರೆಸ್ಯೂಮ್‌ನಲ್ಲಿ ಎನ್‌ಎಸ್‌ಎಸ್, ಕನ್ನಡ ಸಂಘ, ಫೆಸ್ಟು ಎಲ್ಲ ಇರಬೇಕಾ, ಕಿತ್ತು ಹಾಕಬೇಕಾ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಏಳನೇ ಸೆಮ್ ಓದುತ್ತಿದ್ದೇನೆ, ಇಸಿ ಬ್ರಾಂಚ್. ಸಿಜಿಪಿಎ 7.2, ಬ್ಯಾಕ್‌ಲಾಗ್ ಇಲ್ಲ. ಪ್ಲೇಸ್‌ಮೆಂಟ್ ಶುರುವಾಗಿದೆ. ರೆಸ್ಯೂಮ್ ಒಂದೇ ಪುಟದಲ್ಲಿ ಮುಗಿಯಬೇಕು ಅಂತ ಪ್ಲೇಸ್‌ಮೆಂಟ್ ಸೆಲ್‌ನವರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಜಾಗ ಸಾಲುತ್ತಿಲ್ಲ.

ಪ್ರಾಜೆಕ್ಟ್, ಇಂಟರ್ನ್‌ಶಿಪ್ ಬಿಟ್ಟರೆ ನನ್ನ ಹತ್ತಿರ ಇರೋದು ಇಷ್ಟು. ಎನ್‌ಎಸ್‌ಎಸ್ ಎರಡು ವರ್ಷ, ಅದರಲ್ಲಿ ಒಂದು ಹಳ್ಳಿ ಕ್ಯಾಂಪ್. ಕನ್ನಡ ಸಂಘದ ಕಾರ್ಯದರ್ಶಿ. ಟೆಕ್ ಫೆಸ್ಟ್‌ನಲ್ಲಿ ಊಟದ ಕಮಿಟಿ. ಸೀನಿಯರ್ ಒಬ್ಬರು ನೋಡಿ "ಇದನ್ನೆಲ್ಲ ಕಿತ್ತಾಕು, ಯಾರೂ ಓದಲ್ಲ" ಅಂದರು. ನಮ್ಮ ಮೇಡಂ ನೋಡಿ "ಲೀಡರ್‌ಶಿಪ್ ಕಾಣುತ್ತೆ, ಒಂದೂ ಬಿಡಬೇಡ" ಅಂದರು. ಯಾರ ಮಾತು ಕೇಳಲಿ?

ಸದ್ಯಕ್ಕೆ ಬರೆದಿರೋ ಸಾಲು: "ಆಕ್ಟಿವ್ ಮೆಂಬರ್ ಆಫ್ ಎನ್‌ಎಸ್‌ಎಸ್. ಆರ್ಗನೈಸ್ಡ್ ವೇರಿಯಸ್ ಕಲ್ಚರಲ್ ಈವೆಂಟ್ಸ್. ಗುಡ್ ಟೀಮ್ ಪ್ಲೇಯರ್."

ಇನ್ನೊಂದು. ನಮ್ಮ ದೊಡ್ಡಮ್ಮನ ಮಗಳು ಜರ್ಮನಿಗೆ ಎಂಎಸ್ ಅಪ್ಲೈ ಮಾಡುತ್ತಿದ್ದಾಳೆ. ಅವಳಿಗೂ ಇದೇ ಡೌಟು. ಗೊತ್ತಿದ್ದವರು ಹೇಳಿ.

ಕೋರಮಂಗಲ ಕೋಡರ್

ಕಿತ್ತಾಕು ಗುರು. ಗಿಟ್‌ಹಬ್ ಲಿಂಕ್ ಹಾಕು. ಮುಗೀತು.

ಹಳೇ ಎಚ್‌ಆರ್

ಕೋಡರ್ ಅವರೇ, ಅರ್ಧ ಸರಿ.

ಕ್ಯಾಂಪಸ್ ಹೈರಿಂಗ್‌ನಲ್ಲೇ ಕೂದಲು ನೆರೆಸಿಕೊಂಡವನು ನಾನು. ದೊಡ್ಡ ಸರ್ವೀಸ್ ಕಂಪನಿಗಳ ಮೊದಲ ಜರಡಿಯಲ್ಲಿ ರೆಸ್ಯೂಮನ್ನು ಮನುಷ್ಯರು ಮುಟ್ಟೋದೇ ಅಪರೂಪ. ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಅಂಕಗಳನ್ನು ನೀವೇ ಫಾರ್ಮ್‌ನಲ್ಲಿ ತುಂಬಿರುತ್ತೀರಿ. ಕಟ್‌ಆಫ್ ದಾಟಿದರೆ ಆನ್‌ಲೈನ್ ಟೆಸ್ಟು. ಅದು ದಾಟಿದರೆ ಇಂಟರ್‌ವ್ಯೂ. ಟೆಕ್ನಿಕಲ್ ರೌಂಡ್‌ನವರು ನಿಮ್ಮ ರೆಸ್ಯೂಮ್ ಕೈಗೆತ್ತಿಕೊಳ್ಳೋದು ನೀವು ಕುರ್ಚಿ ಎಳೆದುಕೊಂಡು ಕೂರೋ ಹೊತ್ತಿಗೆ. ಅವರು ನೋಡೋದು ಮೇಲಿನ ಅರ್ಧ ಪುಟ. ಅಲ್ಲಿ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಇರಲಿ.

ಸಂಘ, ಕ್ಯಾಂಪು ಎಲ್ಲ ಕೆಲಸಕ್ಕೆ ಬರೋದು ಕೊನೆಯ ಎಚ್‌ಆರ್ ರೌಂಡ್‌ನಲ್ಲಿ. "ಟೀಮಲ್ಲಿ ಜಗಳ ಆದಾಗ ಏನು ಮಾಡಿದ್ರಿ?" "ಪ್ಲಾನ್ ಕೈಕೊಟ್ಟಾಗ ಏನು ಮಾಡಿದ್ರಿ?" ಇವು ಖಾಯಂ ಪ್ರಶ್ನೆಗಳು. ಇಂಟರ್ನ್‌ಶಿಪ್‌ನಲ್ಲಿ ಸುಮ್ನೆ ಸರ್ಟಿಫಿಕೇಟ್ ತಂದವರು ಇಲ್ಲಿ ತಡವರಿಸ್ತಾರೆ. ಪುಟದ ಕೆಳಗಿನ ಎರಡು ಮೂರು ಸಾಲು ಚೆನ್ನಾಗಿದ್ದರೆ ನಾವು ಅಲ್ಲಿಂದಲೇ ಪ್ರಶ್ನೆ ಎತ್ತಿಕೊಳ್ತೇವೆ. ಅಂದರೆ ಯಾವ ಪ್ರಶ್ನೆ ಬರಬೇಕು ಅನ್ನೋದನ್ನ ಸ್ವಲ್ಪ ಮಟ್ಟಿಗೆ ನೀವೇ ಬರೆದುಕೊಡಬಹುದು.

ಆದರೆ ನಿಮ್ಮ ಈಗಿನ ಸಾಲಿನಿಂದ ಯಾವ ಪ್ರಶ್ನೆಯೂ ಹುಟ್ಟಲ್ಲ. "ಆಕ್ಟಿವ್ ಮೆಂಬರ್" ಅನ್ನೋದು ಮದುವೆ ಪತ್ರಿಕೆ ಕೊನೆಯಲ್ಲಿ ಬರೋ "ಬಂಧು ಮಿತ್ರರು" ಇದ್ದ ಹಾಗೆ. ಎಲ್ಲರೂ ಇದ್ದಾರೆ, ಯಾರೂ ಇಲ್ಲ. ನಿಜವಾಗಿ ಏನು ಮಾಡಿದ್ರಿ, ಅದನ್ನ ಇಲ್ಲೇ ಬರೆಯಿರಿ ನೋಡೋಣ. ಎಷ್ಟು ಜನ, ಎಷ್ಟು ದುಡ್ಡು, ಏನು ಎಡವಟ್ಟಾಯ್ತು?

ತಿಪಟೂರು ಕೊಬ್ಬರಿ

"ಬಂಧು ಮಿತ್ರರು" 😂 ನನ್ನ ಇಡೀ ರೆಸ್ಯೂಮೇ ಹಾಗಿದೆ ಸರ್.

ಹೇಮಾವತಿ ದಂಡೆ

ಸರ್, ಕೇಳಿದ್ರಿ ಅಂತ ಬರೀತೀನಿ.

ರಾಜ್ಯೋತ್ಸವಕ್ಕೆ ಕಾಲೇಜಿನಿಂದ ಸಿಕ್ಕಿದ್ದು 40 ಸಾವಿರ. ಊಟ, ಶಾಮಿಯಾನ, ಸೌಂಡ್ ಸಿಸ್ಟಮ್, ಡೊಳ್ಳಿನ ತಂಡ ಎಲ್ಲ ಅದರಲ್ಲೇ ಆಗಬೇಕು. ಸಾಲದೇ ಪೇಟೆ ಅಂಗಡಿಗಳಿಗೆ ಅಲೆದು ಇನ್ನೊಂದು 25 ಸಾವಿರ ಎತ್ತಿದೆವು. ಅದರ ಹಿಂದಿನ ವರ್ಷ ಊಟ ಸಾಲದೆ ದೊಡ್ಡ ಗಲಾಟೆ ಆಗಿತ್ತು. ಅದಕ್ಕೆ ಈ ಸಲ ಬ್ರಾಂಚ್‌ವಾರು ಗೂಗಲ್ ಫಾರ್ಮ್ ಕಳಿಸಿ ಮೊದಲೇ ಹೆಸರು ತೆಗೆದುಕೊಂಡು 450 ಕೂಪನ್ ಹಂಚಿದೆವು. ಊಟ ಮುಗಿದಾಗ ಉಳಿದಿದ್ದು ಅರ್ಧ ಪಾತ್ರೆ ಸಾರು, ಸ್ವಲ್ಪ ಕೇಸರಿಬಾತು ಅಷ್ಟೇ. ಹಿಂದಿನ ರಾತ್ರಿ ಮಳೆ ಬಂದು ಗ್ರೌಂಡ್ ಪೂರ್ತಿ ಕೆಸರು. ಬೆಳಿಗ್ಗೆ ಆರಕ್ಕೆ ಶಾಮಿಯಾನದವರಿಗೆ ಫೋನ್ ಮಾಡಿ ಬೇಡ ಅಂದು, ಎಲ್ಲವನ್ನೂ ಸೆಮಿನಾರ್ ಹಾಲಿಗೆ ಸಾಗಿಸಿದೆವು. ಶಾಮಿಯಾನದವರು ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದರು. ಆಮೇಲೆ ಗ್ರಾಜುಯೇಷನ್ ಡೇ ಆರ್ಡರ್ ನಿಮಗೇ ಕೊಡಿಸ್ತೀವಿ ಅಂದ ಮೇಲೆ ಅರ್ಧ ಕೊಟ್ಟರು.

ಎನ್‌ಎಸ್‌ಎಸ್ ಕ್ಯಾಂಪಿನ ಊರಲ್ಲಿ ಬಚ್ಚಲ ನೀರು ರಸ್ತೆಗೇ ಹರಿಯುತ್ತಿತ್ತು. ಮನೆಮನೆಗೆ ಹೋಗಿ ಪಟ್ಟಿ ಮಾಡಿ ಇಂಗುಗುಂಡಿ ತೋಡಿಕೊಟ್ಟೆವು. ಕೆಲವು ಮನೆಯವರು ಅಂಗಳ ಅಗೆಯೋಕೆ ಬಿಡಲಿಲ್ಲ. ಒಂದು ಅಜ್ಜಿಯನ್ನ ಒಪ್ಪಿಸೋಕೆ ಮಧ್ಯಾಹ್ನ ಪೂರ್ತಿ ಹೋಯ್ತು.

ಹಳೇ ಎಚ್‌ಆರ್

ಇದನ್ನ ಬಿಟ್ಟು "ವೇರಿಯಸ್ ಈವೆಂಟ್ಸ್" ಅಂತ ಬರೆದಿದ್ದೀರಲ್ಲ ಮಾರಾಯ್ರೆ!

ನಾನಾದರೆ ಹೀಗೆ ಬರೆಯುತ್ತೇನೆ, ಇಂಗ್ಲಿಷಿಗೆ ನೀವೇ ಮಾಡಿಕೊಳ್ಳಿ: "ಕನ್ನಡ ಸಂಘದ ಕಾರ್ಯದರ್ಶಿ. 450 ಜನರ ರಾಜ್ಯೋತ್ಸವಕ್ಕೆ 65 ಸಾವಿರ ರೂಪಾಯಿ ಖರ್ಚಿನ ಹೊಣೆ, ಅದರಲ್ಲಿ 25 ಸಾವಿರ ಹೊರಗಿನಿಂದ ಸಂಗ್ರಹ. ಮುಂಗಡ ನೋಂದಣಿಯಿಂದ ಊಟದ ಕೊರತೆ ನಿವಾರಣೆ." ಎರಡು ಸಾಲು, ಸಾಕು. ಎನ್‌ಎಸ್‌ಎಸ್‌ಗೆ ಒಂದು ಸಾಲು: ಮನೆ ಸಮೀಕ್ಷೆ, ಇಂಗುಗುಂಡಿ, ಎಷ್ಟು ಗುಂಡಿ ಅನ್ನೋದು. ಫೆಸ್ಟ್‌ನ ಊಟದ ಕಮಿಟಿ ತೆಗೆಯಿರಿ, ಅದೇ ಕೆಲಸ ಮತ್ತೆ ಬಂದ ಹಾಗಾಗುತ್ತೆ. "ಗುಡ್ ಟೀಮ್ ಪ್ಲೇಯರ್" ಈಗಲೇ ಅಳಿಸಿ. ಮಳೆ, ಶಾಮಿಯಾನ, ಅಜ್ಜಿ ರೆಸ್ಯೂಮ್‌ನಲ್ಲಿ ಬೇಡ. ಅವು ಬಾಯಲ್ಲಿರಲಿ, ಕೇಳಿದಾಗ ಹೇಳೋಕೆ.

ಒಂದು ಎಚ್ಚರಿಕೆ. ಎಲ್ಲ ಕಡೆ "ಮಾಡಿದೆವು" ಅಂತಲೇ ಬರೆದಿದ್ದೀರಿ. "ಅದರಲ್ಲಿ ನಿಮ್ಮ ಪಾಲೇನು?" ಅಂತ ಖಂಡಿತ ಕೇಳ್ತಾರೆ. ಫಾರ್ಮ್ ಯೋಚನೆ ಯಾರದು, ಶಾಮಿಯಾನದವರ ಹತ್ತಿರ ಮಾತಾಡಿದ್ದು ಯಾರು, ಈಗಲೇ ನೆನಪು ಮಾಡಿಕೊಳ್ಳಿ.

ಕೋರಮಂಗಲ ಕೋಡರ್

ಸ್ಟಾರ್ಟಪ್‌ನಲ್ಲಿ ಈ ಎಚ್‌ಆರ್ ರೌಂಡೇ ಇರಲ್ಲ. ನಾನು ಇಂಟರ್‌ವ್ಯೂ ತಗೋತೀನಿ, ಶಾಮಿಯಾನ ಕಥೆ ಕೇಳೋಕೆ ನನಗೆ ಟೈಮಿಲ್ಲ. ಕೋಡ್ ಬರೆದು ತೋರಿಸಬೇಕು.

ಬ್ರೇಕ್ ಫೇಲ್

ಕೋಡರ್ ಸರ್, ನೀವು ಸಾಫ್ಟ್‌ವೇರ್ ಒಂದೇ ಪ್ರಪಂಚ ಅಂದುಕೊಂಡಿದ್ದೀರಿ. ನಾನು ಮೆಕ್ಯಾನಿಕಲ್. ನಮ್ಮಲ್ಲಿ ಕಾಲೇಜಿನ ಬಾಹಾ ಅಥವಾ ಫಾರ್ಮುಲಾ ಟೀಮಲ್ಲಿ (ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಸ್ಪರ್ಧೆಗೆ ಇಳಿಸೋ ತಂಡ) ಇದ್ದೆ ಅಂದರೆ ಇಂಟರ್‌ವ್ಯೂ ಪೂರ್ತಿ ಅದರ ಮೇಲೇ ನಡೆಯುತ್ತೆ. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಫಾರ್ಮುಲಾ ಭಾರತ್ ನಡೆಯುತ್ತಲ್ಲ, ಅಲ್ಲಿ ಗಾಡಿ ಓಡಿಸೋದು ಅರ್ಧ ಮಾತ್ರ. ಡಿಸೈನ್ ಯಾಕೆ ಹೀಗೆ ಮಾಡಿದ್ರಿ ಅಂತ ಜಡ್ಜ್‌ಗಳ ಮುಂದೆ ಸಮರ್ಥಿಸಿಕೊಳ್ಳಬೇಕು, ಒಂದೊಂದು ಪಾರ್ಟಿನ ಖರ್ಚಿನ ಲೆಕ್ಕ ಕೊಡಬೇಕು, ಬಿಸಿನೆಸ್ ಪ್ಲಾನ್ ಕೂಡ ಹೇಳಬೇಕು. ನಮ್ಮ ಗಾಡಿ ಟ್ರ್ಯಾಕಿಗೆ ಇಳಿಯೋ ಮೊದಲೇ ಬ್ರೇಕ್ ಟೆಸ್ಟಲ್ಲಿ ನಿಂತಿತು. ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು, ಹಿಂದಿನದು ಒಂದು ಆಗಲೇ ಇಲ್ಲ. ಇಂಟರ್‌ವ್ಯೂನಲ್ಲಿ ಅದನ್ನೇ ಹೇಳಿದೆ. ಲೈನಲ್ಲಿ ಗಾಳಿ ಸೇರಿತ್ತಾ, ಪೆಡಲ್ ಬ್ಯಾಲೆನ್ಸ್ ತಪ್ಪಿತ್ತಾ ಅಂತ ಹೇಗೆ ಹುಡುಕಿದೆವು ಅನ್ನೋದರ ಮೇಲೆ ಮುಕ್ಕಾಲು ಗಂಟೆ ಮಾತು ನಡೆಯಿತು. ಕೆಲಸ ಸಿಕ್ಕಿತು.

ಆದರೆ ಅದೇ ಟೀಮಲ್ಲಿ ಬರೀ ಟೀ ಶರ್ಟ್ ಹಾಕಿಕೊಂಡು ಫೋಟೋದಲ್ಲಿ ನಿಂತವರೂ ಇದ್ದರು. ಅವರದು ಎರಡು ಪ್ರಶ್ನೆಗೇ ಮುಗಿಯಿತು.

ಪ್ಲೇಸ್‌ಮೆಂಟ್ ಮೇಷ್ಟ್ರು

ಒಂದು ವಿಷಯ ಸ್ಪಷ್ಟ ಮಾಡ್ತೀನಿ. ವಿಟಿಯು ಮಕ್ಕಳು ಬಹಳಷ್ಟು ಜನ "100 ಆಕ್ಟಿವಿಟಿ ಪಾಯಿಂಟ್ ಗಳಿಸಿದ್ದೇನೆ" ಅಂತ ಸಾಧನೆ ಪಟ್ಟಿಯಲ್ಲಿ ಬರೀತಾರೆ. ಓದಿನಾಚೆಯ ಚಟುವಟಿಕೆಗೆ ಕೊಡೋ ಪಾಯಿಂಟ್ ಅದು, ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮ. ಎಲ್ಲರಿಗೂ ಕಡ್ಡಾಯ. ಸಿಜಿಪಿಎಗೆ ಸೇರಲ್ಲ, ಆದರೆ ಇಲ್ಲದಿದ್ದರೆ ಡಿಗ್ರಿ ಸಿಗಲ್ಲ. 2022ರ ಸ್ಕೀಮ್‌ನಲ್ಲಿ ಮೂರರಿಂದ ಆರನೇ ಸೆಮ್ ತನಕ ಎನ್‌ಎಸ್‌ಎಸ್, ಯೋಗ, ಪಿಇ ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳಲೇಬೇಕು. ಹಾಗಾಗಿ ಎನ್‌ಎಸ್‌ಎಸ್ ಅನ್ನೋ ಹೆಸರು ಒಂದರಿಂದಲೇ ಈಗ ಯಾರೂ ಬೇರೆಯಾಗಿ ಕಾಣಲ್ಲ.

ಹಳೆಯ ಪದ್ಧತಿಯ ಎನ್‌ಎಸ್‌ಎಸ್ ಸ್ವಯಂಸೇವಕರ ಲೆಕ್ಕ ಬೇರೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ. ಆ ಸರ್ಟಿಫಿಕೇಟ್ ಇದ್ದರೆ "240 ಗಂಟೆ" ಅಂತ ಬರೆಯಿರಿ, ಓದುವವರಿಗೆ ಅಂದಾಜು ಸಿಗುತ್ತೆ. ಹೇಮಾವತಿ ದಂಡೆಯವರೇ, ನಿಮ್ಮದು ಯಾವುದು ನೋಡಿಕೊಳ್ಳಿ.

ಡಿಪ್ಲೊಮಾ ದಾಸ

ಮೇಷ್ಟ್ರೇ, ಎಲ್ಲರಿಗೂ 100 ಅಲ್ಲ. ನಮ್ಮ ಹಾಗೆ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75.

ಪ್ಲೇಸ್‌ಮೆಂಟ್ ಮೇಷ್ಟ್ರು

ಹೌದು, ಲ್ಯಾಟರಲ್ ಎಂಟ್ರಿಗೆ 75. ಸರಿ.

ಸಂಜೆ ಬಸ್ಸು

ನಾನು ಮೊದಲ ಸಲ ಬರೀತಿದ್ದೇನೆ. ಎಲ್ಲರದ್ದು ಓದಿ ಹೊಟ್ಟೆಕಿಚ್ಚಾಯ್ತು. ನಮ್ಮೂರಿಗೆ ಕೊನೆಯ ಬಸ್ಸು ಸಂಜೆ ಐದಕ್ಕೆ. ಕ್ಲಾಸ್ ಮುಗಿದ ಕೂಡಲೇ ಓಡಬೇಕು. ಫೆಸ್ಟು, ಕ್ಲಬ್ಬು, ರಿಹರ್ಸಲ್ ಎಲ್ಲ ಶುರುವಾಗೋದೇ ಐದರ ಮೇಲೆ. ಹಾಸ್ಟೆಲ್‌ಗೆ ಸೇರಿಸೋಷ್ಟು ಶಕ್ತಿ ಮನೆಯಲ್ಲಿಲ್ಲ. ನನ್ನ ರೆಸ್ಯೂಮ್‌ನಲ್ಲಿ ಆ ಭಾಗ ಖಾಲಿ. ಏನು ತುಂಬಿಸಲಿ? ಕಾಲೇಜಿನ ಗೆಳತಿ ನನ್ನ ಹೆಸರನ್ನೂ ಅವಳ ಕ್ಲಬ್ಬಿನ ಲಿಸ್ಟಿಗೆ ಸೇರಿಸ್ತೀನಿ ಅಂತಿದ್ದಾಳೆ.

ಹಳೇ ಎಚ್‌ಆರ್

ಸೇರಿಸಿಕೊಳ್ಳಬೇಡಮ್ಮ. ನಾವು ಒಂದೇ ದಿನ ಒಂದೇ ಕಾಲೇಜಿನವರನ್ನೆಲ್ಲ ನೋಡ್ತೇವೆ. ಒಂದು ಕಡೆ ಇಬ್ಬರು ಹುಡುಗರು, ಅದೇ ಕ್ಲಬ್ಬು, ಅದೇ ವರ್ಷ, ಇಬ್ಬರ ರೆಸ್ಯೂಮ್‌ನಲ್ಲೂ "ಪ್ರೆಸಿಡೆಂಟ್" ಅಂತ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಪ್ಯಾನೆಲ್‌ನವರೇ ಮಾತಾಡಿಕೊಂಡು ಗೊತ್ತಾಯ್ತು. ಇಬ್ಬರೂ ಹೋದರು. ಅವರಲ್ಲಿ ಒಬ್ಬ ನಿಜವಾದ ಪ್ರೆಸಿಡೆಂಟೇ ಇದ್ದಿರಬೇಕು, ಪಾಪ.

ಐದರ ಬಸ್ಸು ಹತ್ತಿ ಊರಿಗೆ ಹೋಗಿ ಏನು ಮಾಡ್ತೀಯ? ಅದನ್ನ ಹೇಳು.

ಸಂಜೆ ಬಸ್ಸು

ಏನಿಲ್ಲ ಸರ್. ಅಪ್ಪ ನಮ್ಮೂರ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಸಂಜೆ ಹಾಲು ಹಾಕಿಸಿಕೊಳ್ಳೋ ಹೊತ್ತಿಗೆ ನಾನು ಹೋಗಿ ಎಂಟ್ರಿ ಮಾಡ್ತೀನಿ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಫ್ಯಾಟು ಬಿಟ್ಟು ಹಾಲಿನ ಉಳಿದ ಘನ ಅಂಶ) ನೋಡಿ ಬರೆಯೋದು. ಬಟವಾಡೆ ಹಿಂದಿನ ದಿನ ಲೆಕ್ಕ ತಾಳೆ ನೋಡ್ತೀನಿ. ಮೊದಲು ಎಲ್ಲ ಬುಕ್ಕಲ್ಲೇ ಕೂಡ್ತಿದ್ದರು, ತಪ್ಪು ಜಾಸ್ತಿ ಆಗಿ ಜಗಳ ಆಗುತ್ತಿತ್ತು. ನಾನು ಎಕ್ಸೆಲ್ ಶೀಟ್ ಮಾಡಿಕೊಟ್ಟೆ. ಈಗ ಯಾರಿಗಾದರೂ ಡೌಟ್ ಬಂದರೆ ಅವರ ನಂಬರ್ ಹಾಕಿದರೆ ಪೂರ್ತಿ ಬರುತ್ತೆ. ಆಮೇಲೆ ಪಕ್ಕದ ಮನೆ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಇದೆಲ್ಲ ಎಕ್ಸ್‌ಟ್ರಾ ಕರಿಕ್ಯುಲರ್ ಅಲ್ವಲ್ಲ.

ಬ್ರೇಕ್ ಫೇಲ್

"ಏನಿಲ್ಲ ಸರ್" ಅಂದುಕೊಂಡೇ ನಮ್ಮೆಲ್ಲರಿಗಿಂತ ಒಳ್ಳೆ ಪಾಯಿಂಟ್ ಹೇಳಿದ್ರಿ ಮೇಡಂ.

ಕೋರಮಂಗಲ ಕೋಡರ್

ಇದನ್ನ ನಾನೂ ಕೇಳ್ತೀನಿ. ನಿಜವಾದ ಜನ ದಿನಾ ಬಳಸೋ ಶೀಟು. ತಪ್ಪಾದರೆ ದುಡ್ಡು ತಪ್ಪುತ್ತೆ. ಟು ಡು ಆಪ್ ಮಾಡಿದೀನಿ ಅನ್ನೋ ನೂರು ರೆಸ್ಯೂಮ್‌ಗಿಂತ ಇದು ಮೇಲು. ಪ್ರಾಜೆಕ್ಟ್ ಭಾಗದಲ್ಲೇ ಹಾಕಿ, ಕೆಳಗೆ ಅಲ್ಲ.

ಗೋಕಾಕ ಕರದಂಟು

ನನಗೊಂದು ಅನುಮಾನ ಐತ್ರಿ. ಮನೆ ಪರಿಸ್ಥಿತಿ, ಡೇರಿ, ಬಸ್ಸು ಅಂತ ಬರೆದರೆ ಕರುಣೆ ಕೇಳಿದಂಗ ಆಗೂದಿಲ್ಲೇನ್ರಿ? ನಮ್ಮ ಕಾಲೇಜಿನಲ್ಲಿ ಒಬ್ಬ ಅಪ್ಪನ ಕಷ್ಟ ಬರೆದಿದ್ದ. ಇಂಟರ್‌ವ್ಯೂದವರು "ಅದಿರಲಿ, ಡಿಬಿಎಂಎಸ್ ಹೇಳು" ಅಂದರು.

ಹಳೇ ಎಚ್‌ಆರ್

ಕಷ್ಟ ಬರೆದರೆ ಹಾಗಾಗುತ್ತೆ ನಿಜ. ಕೆಲಸ ಬರೆದರೆ ಆಗಲ್ಲ. "ಬಡತನದಿಂದ ಕ್ಲಬ್ ಸೇರಲಾಗಲಿಲ್ಲ" ಅಂತ ಬರೀಬೇಡಿ. "ಹಾಲು ಉತ್ಪಾದಕರ ಸಹಕಾರ ಸಂಘ, ಲೆಕ್ಕ ಸಹಾಯಕಿ, ಅರೆಕಾಲಿಕ" ಅಂತ ಬರೆದು, ಎಷ್ಟು ಸದಸ್ಯರು, ಏನು ಶೀಟು, ಏನು ಬದಲಾಯ್ತು ಅಂತ ಹೇಳಿ. ಎಕ್ಸ್‌ಟ್ರಾ ಕರಿಕ್ಯುಲರ್ ಅನ್ನೋ ತಲೆಬರಹವೇ ಬೇಡ. "ಅನುಭವ" ಅಂತ ಇಟ್ಟರೆ ಸಾಕು. ಸಂಘದ ಅಧ್ಯಕ್ಷರಿಂದ ಒಂದು ಪತ್ರ ಬರೆಸಿಕೊಳ್ಳಮ್ಮ, ಲೆಟರ್‌ಹೆಡ್‌ನಲ್ಲಿ. ಅಪ್ಪನ ಸಹಿ ಬೇಡ, ಅಧ್ಯಕ್ಷರದೇ ಇರಲಿ.

ಬಾಸ್ಟನ್ ಚಳಿ

ಅಮೆರಿಕದಿಂದ ನನ್ನ ಎರಡು ಮಾತು. ಇಲ್ಲಿ ಬರೋ ಹುಡುಗರು ಒಂದು ದೊಡ್ಡ ಗೊಂದಲ ಮಾಡಿಕೊಳ್ತಾರೆ. ಅಮೆರಿಕದ ಕಾಲೇಜುಗಳು ಎಕ್ಸ್‌ಟ್ರಾ ಕರಿಕ್ಯುಲರ್ ನೋಡ್ತವೆ ಅಂತ ಎಲ್ಲೋ ಓದಿರ್ತಾರೆ. ಅದು ಬ್ಯಾಚುಲರ್ಸ್ ಅಡ್ಮಿಷನ್‌ನ ಮಾತು. ಎಂಎಸ್, ಪಿಎಚ್‌ಡಿಗೆ ಅರ್ಜಿ ಓದೋದು ಹೆಚ್ಚಾಗಿ ಡಿಪಾರ್ಟ್‌ಮೆಂಟಿನ ಪ್ರೊಫೆಸರ್‌ಗಳು. ಅವರಿಗೆ ಬೇಕಾಗಿರೋದು ಏನು ಓದಿದ್ದೀಯ, ಯಾವ ಪ್ರಶ್ನೆ ಹಿಡಿದು ಕೆಲಸ ಮಾಡಿದ್ದೀಯ, ನಿನಗೆ ಪಾಠ ಹೇಳಿದವರು ಏನಂತಾರೆ. ಎಸ್‌ಒಪಿಯಲ್ಲಿ, ಅಂದರೆ ಈ ಕೋರ್ಸ್ ಯಾಕೆ ಅಂತ ಅರ್ಜಿ ಜೊತೆ ಬರೆಯೋ ಪತ್ರದಲ್ಲಿ, ಮೂರನೇ ಕ್ಲಾಸಿನ ಭಾಷಣ ಸ್ಪರ್ಧೆಯಿಂದ ಶುರು ಮಾಡಬೇಡಿ ದಯವಿಟ್ಟು.

ಆದರೆ ಎಂಬಿಎ ಬೇರೆ ಕಥೆ. ಅಲ್ಲಿ ಓದಿನಾಚೆ ಏನು ಮಾಡಿದೆ ಅನ್ನೋದು ನಿಜವಾಗಿ ತೂಗುತ್ತೆ. ಫುಲ್‌ಬ್ರೈಟ್ ನೆಹರು ಮಾಸ್ಟರ್ಸ್ ಫೆಲೋಶಿಪ್‌ನಲ್ಲೂ ನಾಯಕತ್ವ, ಸಮುದಾಯ ಸೇವೆ ಎರಡನ್ನೂ ಕೇಳ್ತಾರೆ. ಅದಕ್ಕೆ ಕೆಲಸದ ಅನುಭವವೂ ಬೇಕು, ಓದು ಮುಗಿದ ಕೂಡಲೇ ಆಗಲ್ಲ.

ಎಂಎಸ್‌ಗೆ ಚಟುವಟಿಕೆ ಹಾಕಬೇಕು ಅಂದರೆ ಓದಿಗೆ ಗಂಟು ಹಾಕಿ. ಆ ಡೇರಿ ಶೀಟ್ ಮಾಡಿದ ಹುಡುಗಿ ಡೇಟಾ ಸೈನ್ಸ್ ಓದಬೇಕು ಅಂದರೆ ಎಸ್‌ಒಪಿಯ ಮೊದಲ ಪ್ಯಾರಾ ಸಿದ್ಧವಾಗಿದೆ.

ರೈನ್ ನದಿ ರಾಮಣ್ಣ

ಜರ್ಮನಿ ಬಗ್ಗೆ ನಾನು ಹೇಳ್ತೀನಿ. ದಂಡೆಯವರೇ, ನಿಮ್ಮ ಅಕ್ಕನಿಗೆ ತಿಳಿಸಿ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕೋರ್ಸ್‌ಗಳಿಗೆ ಅವರು ನೋಡೋದು ಬ್ಯಾಚುಲರ್ಸ್‌ನಲ್ಲಿ ಯಾವ ವಿಷಯ ಎಷ್ಟು ಕ್ರೆಡಿಟ್ ಓದಿದ್ದೀರಿ, ಅಂಕ ಎಷ್ಟು. ಕನ್ನಡ ಸಂಘದಿಂದ ಅಲ್ಲಿ ಏನೂ ಆಗಲ್ಲ. ಭಾರತದವರಿಗೆ ಎಪಿಎಸ್ ಸರ್ಟಿಫಿಕೇಟ್ (ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡೋದು) ಬೇಕೇ ಬೇಕು, ಮೊದಲು ಅದರ ಕಡೆ ಗಮನ ಕೊಡಲಿ. ಸಿವಿ ಟೇಬಲ್ ಹಾಗೆ ನೇರವಾಗಿ ಇರಬೇಕು, ಹೊಸದು ಮೇಲೆ, ನಡುವೆ ತಿಂಗಳುಗಳು ಖಾಲಿ ಇರಬಾರದು. ಅಲಂಕಾರ ಬೇಡ.

ಆದರೆ ಸ್ಕಾಲರ್‌ಶಿಪ್ ವಿಷಯಕ್ಕೆ ಬಂದರೆ ಇದೇ ಎನ್‌ಎಸ್‌ಎಸ್‌ಗೆ ಬೆಲೆ ಬರುತ್ತೆ. ಡಾಯ್ಚ್‌ಲಾಂಡ್ ಸ್ಟಿಪೆಂಡಿಯಂ ಅಂತ ಇದೆ. ತಿಂಗಳಿಗೆ 300 ಯೂರೋ, ಅರ್ಧ ಸರ್ಕಾರದ್ದು, ಅರ್ಧ ಖಾಸಗಿ ದಾನಿಗಳದ್ದು. ವಿದೇಶಿ ವಿದ್ಯಾರ್ಥಿಗಳೂ ಹಾಕಬಹುದು. ಅಂಕದ ಜೊತೆ ಸಮಾಜದ ಕೆಲಸ, ಮನೆಯ ಪರಿಸ್ಥಿತಿ ಕೂಡ ನೋಡ್ತಾರೆ. ಹೈನ್ರಿಶ್ ಬ್ಯೋಲ್, ಫ್ರೀಡ್ರಿಶ್ ಎಬರ್ಟ್ ತರಹದ ಫೌಂಡೇಷನ್‌ಗಳಂತೂ ಸಮಾಜದ ಕೆಲಸ ಇಲ್ಲದವರನ್ನ ಹತ್ತಿರ ಸೇರಿಸಲ್ಲ. ಇಂಗುಗುಂಡಿ ಅಲ್ಲಿ ಹೇಳಿ.

ಕೆಡೆಟ್ ಕೊಡಗು

ಎನ್‌ಸಿಸಿ ಬಗ್ಗೆ ಯಾರೂ ಮಾತಾಡಲಿಲ್ಲ! ಸಿ ಸರ್ಟಿಫಿಕೇಟ್ ಇದ್ದರೆ ಕಂಪನಿಗಿಂತ ದೊಡ್ಡ ಬಾಗಿಲಿದೆ. ಆರ್ಮಿಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಬರಹದ ಪರೀಕ್ಷೆ ಇಲ್ಲ. ಸಿ ಸರ್ಟಿಫಿಕೇಟಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ 50 ಪರ್ಸೆಂಟ್ ಇದ್ದರೆ ಅರ್ಜಿ ಹಾಕಬಹುದು. ಶಾರ್ಟ್‌ಲಿಸ್ಟ್ ಆದರೆ ನೇರ ಎಸ್‌ಎಸ್‌ಬಿ, ಅಂದರೆ ಸೇನಾ ಅಧಿಕಾರಿಗಳ ಆಯ್ಕೆ ಇಂಟರ್‌ವ್ಯೂ. ಹುಡುಗಿಯರಿಗೂ ಇದೆ.

ಎಸ್‌ಎಸ್‌ಬಿಯಲ್ಲಿ ಮೊದಲೇ ಪಿಐಕ್ಯು ಅಂತ ಒಂದು ಫಾರ್ಮ್ ತುಂಬಿಸ್ತಾರೆ. ಆಟ, ಹವ್ಯಾಸ, ಹೊತ್ತ ಜವಾಬ್ದಾರಿ ಎಲ್ಲ ಅದರಲ್ಲಿ ಬರೀಬೇಕು. ಇಂಟರ್‌ವ್ಯೂ ಅಧಿಕಾರಿ ಅದನ್ನ ಮುಂದಿಟ್ಟುಕೊಂಡೇ ಕೇಳ್ತಾರೆ. ಫುಟ್‌ಬಾಲ್ ಅಂತ ಬರೆದಿದ್ದೆ. ಯಾವ ಪೊಸಿಷನ್, ಟೀಮಲ್ಲಿ ಯಾರು ವೀಕ್, ಅವನಿಗೆ ನೀನೇನು ಮಾಡಿದೆ ಅಂತ ಕೆದಕಿದರು.

ಗಂಗೋತ್ರಿ ಕ್ಯಾಂಟೀನ್

ಯುಪಿಎಸ್‌ಸಿಯಲ್ಲೂ ಅಷ್ಟೇ. ಮೇನ್ಸ್ ಫಾರ್ಮ್‌ನಲ್ಲಿ ಹವ್ಯಾಸ, ಬಹುಮಾನ, ನಾಯಕತ್ವ, ಎನ್‌ಸಿಸಿ ಎಲ್ಲದಕ್ಕೂ ಜಾಗ ಇರುತ್ತೆ. ಇಂಟರ್‌ವ್ಯೂಗೆ 275 ಅಂಕ. "ಓದುವುದು" ಅಂತ ಹವ್ಯಾಸ ಬರೆದವರ ಗತಿ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಗೊತ್ತು 🙂

ನಮ್ಮ ಡಿಪಾರ್ಟ್‌ಮೆಂಟಿನವರು ದಸರಾ ಯುವ ಸಂಭ್ರಮದಲ್ಲಿ ಮಾನಸಗಂಗೋತ್ರಿ ಬಯಲು ರಂಗಮಂದಿರದ ಸ್ಟೇಜ್ ಮೇಲೆ ಕುಣಿದಿದ್ದೇವೆ. ಅದನ್ನ ಹಾಕಬಹುದಾ?

ಪ್ಲೇಸ್‌ಮೆಂಟ್ ಮೇಷ್ಟ್ರು

ಕುಣಿದಿದ್ದಷ್ಟೇ ಆದರೆ ಒಂದು ಸಾಲು. ನೃತ್ಯ ನೀವೇ ಕಟ್ಟಿದ್ದರೆ ಎರಡು.

ಚೆಂಡೆ ಪೆಟ್ಟು

ನನ್ನ ಪ್ರಶ್ನೆ. ನಾನು ಉಡುಪಿ ಕಡೆಯವನು. ಕಾಲೇಜು ಯಕ್ಷಗಾನ ತಂಡದಲ್ಲಿದ್ದೆ, ತಾಳಮದ್ದಳೆಯಲ್ಲಿ ಅರ್ಥ ಹೇಳ್ತೇನೆ. ಬೆಂಗಳೂರಿನ ಕಂಪನಿಗೆ ಇದನ್ನ ಬರೆದರೆ "ಅದೇನು, ಡ್ಯಾನ್ಸಾ?" ಅಂತ ಕೇಳ್ತಾರೆ ಮಾರಾಯ್ರೆ. ಸುಮ್ನೆ "ಥಿಯೇಟರ್" ಅಂತ ಬರೆದುಬಿಡ್ಲಾ?

ಕೋರಮಂಗಲ ಕೋಡರ್

ಥಿಯೇಟರ್ ಸಾಕು. ಯಾರಿಗೂ ಗೊತ್ತಾಗಲ್ಲ.

ಕುಂದಾಪ್ರ ಕೋಳಿ ಸಾರು

ಯಾಕೆ ಬಿಡಬೇಕು? ಹೆಸರು ಹಾಗೇ ಹಾಕಿ, ಪಕ್ಕದಲ್ಲಿ ಅರ್ಧ ಸಾಲು ವಿವರ ಕೊಡಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಭಾಗವತರು ಪದ ಹೇಳ್ತಾರೆ, ಅದಕ್ಕೆ ಅಲ್ಲೇ ಕೂತು ಅರ್ಥ ಕಟ್ಟಬೇಕು. ಎದುರಿನ ಅರ್ಥಧಾರಿ ಏನು ವಾದ ಎತ್ತುತ್ತಾನೋ ಗೊತ್ತಿಲ್ಲ, ಆ ಕ್ಷಣಕ್ಕೆ ಉತ್ತರ ಕೊಡಬೇಕು, ಪಾತ್ರ ಬಿಡೋ ಹಾಗಿಲ್ಲ. ಕ್ಲೈಂಟ್ ಮುಂದೆ ಕೂರೋ ಕೆಲಸಕ್ಕೆ ಇದಕ್ಕಿಂತ ಬೇರೆ ಯಾವ ತಯಾರಿ ಬೇಕು?

ಚೆಂಡೆ ಪೆಟ್ಟು

ಇದು ಬರೆಯಬಹುದು! ಅಂದ ಹಾಗೆ ಯಕ್ಷಗಾನದಲ್ಲಿ ನಿಮ್ಮದು ಬಡಗುತಿಟ್ಟಾ, ತೆಂಕುತಿಟ್ಟಾ?

ಕುಂದಾಪ್ರ ಕೋಳಿ ಸಾರು

ಹೆಸರು ನೋಡಿದರೆ ಗೊತ್ತಾಗಲ್ವಾ? ಬಡಗು. ತೆಂಕಿನವರ ಚೆಂಡೆ ಪೆಟ್ಟಿಗೆ ನಮ್ಮ ಕಿವಿ ತಡೆಯಲ್ಲ.

ಪುತ್ತೂರ ಮುಳಿಯ

ಕಿವಿ ತಡೆಯದಿದ್ದರೆ ಅದು ಚೆಂಡೆಯ ತಪ್ಪಾ ಸ್ವಾಮಿ?

ನಿರ್ವಾಹಕ

ತೆಂಕು ಬಡಗು ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ರೆಸ್ಯೂಮ್ ಮಾತ್ರ.

ವಿಕಿ ಗೂಡು

ಸರ್ಟಿಫಿಕೇಟ್ ಇಲ್ಲದೆಯೇ ತೋರಿಸಬಹುದಾದ ಒಂದು ಕೆಲಸ ಇದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಲೇಖನ ಬರೆದರೆ, ತಿದ್ದಿದರೆ, ಯಾವ ದಿನ ಯಾವ ಅಕ್ಷರ ಬದಲಾಯಿಸಿದೆ ಅನ್ನೋದೂ ನಿಮ್ಮ ಖಾತೆಯ ಹೆಸರಲ್ಲಿ ಎಲ್ಲರಿಗೂ ಕಾಣುತ್ತೆ. ಸಂಜೆ ಬಸ್ಸಿನ ತಂಗಿಯಂಥವರು ಮನೆಯಲ್ಲೇ ಕೂತು ಮಾಡಬಹುದು. ಓಪನ್ ಸೋರ್ಸ್ ಕೋಡ್ ಕೂಡ ಹಾಗೇ. ರೆಸ್ಯೂಮ್‌ನಲ್ಲಿ ಲಿಂಕ್ ಹಾಕಿದರೆ ಯಾರೂ "ಪ್ರೂಫ್ ಎಲ್ಲಿ" ಅಂತ ಕೇಳಲ್ಲ.

ಆದರೆ ಲಿಂಕ್ ಹಾಕೋ ಮುಂಚೆ ಚರ್ಚಾ ಪುಟದಲ್ಲಿ ನೀವಾಡಿದ ಜಗಳಗಳನ್ನೂ ಒಮ್ಮೆ ನೋಡಿಕೊಳ್ಳಿ. ಅವೂ ಕಾಣ್ತವೆ.

ಕೆಂಪು ಹಳದಿ

ನಾನು ಒಂದು ಕನ್ನಡ ಹೋರಾಟದ ಸಂಘಟನೆಯಲ್ಲಿ ಸಕ್ರಿಯ. ಅದನ್ನ ಬರೀಬೇಡ ಅಂತ ಎಲ್ಲರೂ ಹೆದರಿಸ್ತಾರೆ. ಕನ್ನಡದ ಕೆಲಸ ಮಾಡಿದ್ದನ್ನ ಕರ್ನಾಟಕದಲ್ಲೇ ಮುಚ್ಚಿಡಬೇಕಾ?

ಕೋರಮಂಗಲ ಕೋಡರ್

ಇದು ಬೇಡಪ್ಪ. ಎಚ್‌ಆರ್ ಹೊರರಾಜ್ಯದವರಾಗಿದ್ದರೆ?

ಕೆಂಪು ಹಳದಿ

ಹೊರರಾಜ್ಯದವರಾದರೆ? ಅವರ ಕಾಲೇಜಿನ ಅವರ ಭಾಷೆಯ ಸಂಘ ಅವರ ರೆಸ್ಯೂಮ್‌ನಲ್ಲಿ ಇರಲ್ವಾ?

ಹಳೇ ಎಚ್‌ಆರ್

ಇಬ್ಬರೂ ಸ್ವಲ್ಪ ತಡೀರಿ. ಭಾಷೆ, ಪಕ್ಷ, ಧರ್ಮ ಯಾವುದೇ ಸಂಘಟನೆ ಇರಲಿ, ಓದುವವರಲ್ಲಿ ಕೆಲವರಿಗೆ ಹಿಡಿಸಲ್ಲ, ಅದು ವಾಸ್ತವ. ನ್ಯಾಯ ಅಂತ ನಾನು ಹೇಳುತ್ತಿಲ್ಲ. ಸಂಘಟನೆ ಹೆಸರು ಮುಖ್ಯವೋ, ನೀವು ಅಲ್ಲಿ ಮಾಡಿದ ಕೆಲಸ ಮುಖ್ಯವೋ ನೋಡಿ. ಬ್ಯಾಂಕಿನ ಚಲನ್ ಕನ್ನಡದಲ್ಲಿ ಕೊಡಿ ಅಂತ ಅರ್ಜಿ ಬರೆದು, ಬೆನ್ನು ಬಿದ್ದು ಆಗುವಂತೆ ಮಾಡಿದ್ದರೆ ಆ ಕೆಲಸ ಬರೆಯಿರಿ. ಬರೀ ಸದಸ್ಯತ್ವ ಆದರೆ ಬೇಡ, ಯಾವ ಸಂಘಟನೆಯದ್ದೂ ಬೇಡ.

ಕೆಂಪು ಹಳದಿ

ಒಪ್ಪಲ್ಲ. ಆದರೂ ಚಲನ್ ಉದಾಹರಣೆ ಚೆನ್ನಾಗಿದೆ.

ತಿಪಟೂರು ಕೊಬ್ಬರಿ

ಜಾಗ ಸಾಲಲ್ಲ ಅನ್ನೋರಿಗೆ ಒಂದು ಐಡಿಯಾ. ಅಪ್ಪನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸೈಜ್ ಫೋಟೋ, ಖಾಯಂ ವಿಳಾಸ, "ಐ ಹಿಯರ್‌ಬೈ ಡಿಕ್ಲೇರ್" ಎಲ್ಲ ತೆಗೆದರೆ ಆರೇಳು ಸಾಲು ಉಳಿಯುತ್ತೆ.

ಪ್ಲೇಸ್‌ಮೆಂಟ್ ಮೇಷ್ಟ್ರು

ನಮ್ಮ ಕಾಲೇಜಿನ ಫಾರ್ಮ್ಯಾಟ್‌ನಲ್ಲಿ ಡಿಕ್ಲರೇಷನ್ ಇನ್ನೂ ಇದೆ. ತೆಗೆಸೋಕೆ ನೋಡ್ತಿದ್ದೇನೆ, ಮೇಲಿನವರು ಒಪ್ಪುತ್ತಿಲ್ಲ.

ಹೇಮಾವತಿ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಡಿಕ್ಲರೇಷನ್ ತೆಗೆದೆ, ಊಟದ ಕಮಿಟಿ ತೆಗೆದೆ, ಸಂಘಕ್ಕೆ ಎರಡು ಸಾಲು, ಎನ್‌ಎಸ್‌ಎಸ್‌ಗೆ ಒಂದು. ನನ್ನದು 240 ಗಂಟೆಯ ಸರ್ಟಿಫಿಕೇಟೇ, ಹಾಕಿದೆ. ಅಕ್ಕನಿಗೆ ರಾಮಣ್ಣನವರ ಉತ್ತರ ಕಳಿಸಿದೆ, ಅವಳಿಗೆ ಸ್ಟಿಪೆಂಡಿಯಂ ಬಗ್ಗೆ ಗೊತ್ತೇ ಇರಲಿಲ್ಲ. ಒಂದೇ ಡೌಟು: ಫಾರ್ಮ್ ಯೋಚನೆ ನನ್ನದಲ್ಲ, ಜೂನಿಯರ್ ಹುಡುಗಿಯದು. ಅದನ್ನ ಇಂಟರ್‌ವ್ಯೂನಲ್ಲಿ ಹೇಳಬೇಕಾ?

ಹಳೇ ಎಚ್‌ಆರ್

ಖಂಡಿತ ಹೇಳಿ. "ಯೋಚನೆ ಅವಳದು, ಎಲ್ಲ ಬ್ರಾಂಚಿನವರನ್ನ ಒಪ್ಪಿಸಿದ್ದು ನಾನು" ಅಂತ. ಕಾರ್ಯದರ್ಶಿ ಕೆಲಸ ಅದೇ ತಾನೇ?

ಸಂಜೆ ಬಸ್ಸು

ಅಧ್ಯಕ್ಷರು ಪತ್ರ ಕೊಡೋಕೆ ಒಪ್ಪಿದ್ದಾರೆ ಸರ್. ಆದರೆ ಇಂಗ್ಲಿಷ್‌ನಲ್ಲಿ ನೀನೇ ಬರೆದು ತಾ, ಸಹಿ ಹಾಕ್ತೀನಿ ಅಂತಿದ್ದಾರೆ. ನನ್ನನ್ನ ನಾನೇ ಹೊಗಳಿಕೊಂಡು ಹೇಗೆ ಬರೀಲಿ?

ಗೋಕಾಕ ಕರದಂಟು

ಹೊಗಳಿಕೆ ಯಾಕ ಬೇಕ್ರಿ ಅಕ್ಕಾರ. ಯಾವಾಗಿಂದ, ಎಷ್ಟು ಸದಸ್ಯರ ಲೆಕ್ಕ, ಏನು ಶೀಟು. ಅಷ್ಟ ಬರೀರಿ, ಕನ್ನಡದಾಗೂ ಒಂದು ಪ್ರತಿ ಮಾಡ್ರಿ. ಅವರು ಏನು ಸಹಿ ಮಾಡ್ತಾರ ಅನ್ನೂದು ಅವರಿಗೂ ಗೊತ್ತಿರಬೇಕಲ್ರಿ.